ನಿನ್ನ ಪಾಲು ನಾವು ಸುಲಿತೀವಿ

ಬಿತ್ತನೆ ಶೇಂಗಾವನ್ನು ಆಗ ಮಿಷನ್ನಿಗೆ ಹಾಕುತ್ತಿರಲಿಲ್ಲ. ಕಾಳಿನ ಮೂತಿ ಮುರಿದರೆ ಮೊಳಕೆ ಬರುವುದಿಲ್ಲ. ಹಾಗಾಗಿ ಮುಂಗಾರಿಗೆ ಮೊದಲು ವರವು ಕಾವಲಿನ ಅಂಚಿನ ನಮ್ಮೂರಿನಲ್ಲಿ ಹೆಂಗಸರೆಲ್ಲ ಬೇವಿನ ಮರದಡಿ ಗೋಣಿತಾಟು ಹಾಸಿ ಕೂತು, ಕಾಯಿಗೆ ನೀರು ಚಿಮುಕಿಸಿ ಕೈಯಲ್ಲೇ ಸುಲಿಯುತ್ತಿದ್ದರು. ಕೂಲಿ ಸೇರಿನ ಲೆಕ್ಕ. ಸಾಯಂಕಾಲ ಹೊಲದ ಯಜಮಾನ ಬಂದು ಒಬ್ಬೊಬ್ಬರ ಮೊರದ ಕಾಳನ್ನೂ ಅಳೆದು, ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿಗೆ ಬೊಬ್ಬೆ ಬರುತ್ತಿತ್ತು.

ನಮ್ಮ ಚಿಕ್ಕಮ್ಮ ಎಸ್ಸೆಸ್ಸೆಲ್ಸಿವರೆಗೆ ಓದಿದ್ದಳು. ಚಳ್ಳಕೆರೆ ಬಸ್ಸಿನ ಕಂಡಕ್ಟರ ತಂದುಕೊಡುವ ವಾರಪತ್ರಿಕೆ, ರಟ್ಟು ಕಿತ್ತುಹೋದ ಬಾಡಿಗೆ ಕಾದಂಬರಿ ಅವಳ ಕೈಗೇ ಮೊದಲು ಬರುತ್ತಿದ್ದವು. ಊಟವಾಗಿ ಎಲ್ಲರೂ ಮತ್ತೆ ಮರದಡಿ ಕೂತಾಗ ಯಾರಾದರೊಬ್ಬರು ಶುರು ಮಾಡುತ್ತಿದ್ದರು: 'ಓದವ್ವ, ಆಮೇಲೆ ಏನಾತು ಅವ್ಳ ಕತೆ? ನಿನ್ನ ಪಾಲು ನಾವು ಸುಲಿತೀವಿ.' ಚಿಕ್ಕಮ್ಮ ಕೈ ಒರೆಸಿಕೊಂಡು ಓದುತ್ತಿದ್ದಳು. ಉಳಿದವರ ಬೆರಳು ನಿಲ್ಲುತ್ತಿರಲಿಲ್ಲ. ನಾಯಕಿಗೆ ಕಷ್ಟ ಬಂದ ಜಾಗದಲ್ಲಿ ಮಾತ್ರ ಸಿಪ್ಪೆ ಮುರಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಹೊತ್ತು ಇಳಿಯುವಾಗ ಒಬ್ಬೊಬ್ಬರೂ ತಮ್ಮ ಮೊರದಿಂದ ಎರಡು ಬೊಗಸೆ ಕಾಳು ಎತ್ತಿ ಅವಳ ಮೊರಕ್ಕೆ ಸುರಿಯುತ್ತಿದ್ದರು.

ಇದನ್ನು ನಾನು ಬಹಳ ವರ್ಷ ಓದುವವರ ಕಥೆ ಅಂದುಕೊಂಡಿದ್ದೆ. ಮದುವೆಯಾಗಿ ಚಳ್ಳಕೆರೆ ಸೇರಿ, ಎರಡು ಮಕ್ಕಳ ನಡುವೆ ನಾನೇ ಒಂದು ಪ್ರೇಮ ಕಾದಂಬರಿ ಬರೆಯಲು ಕೂತ ಮೇಲೆ, ಇದು ಬರೆಯುವವರ ಕಥೆಯೂ ಹೌದು ಎಂದು ಗೊತ್ತಾಯಿತು.

ಕಾವಲಿನ ಮಗ್ಗುಲಲ್ಲಿ

ಗೊತ್ತಿಲ್ಲದವರಿಗೆ ಎರಡು ಮಾತು. ಕಾವಲ್ ಎಂದರೆ ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಬಿಟ್ಟ ಹುಲ್ಲುಗಾವಲು. ಚಳ್ಳಕೆರೆ ಸೀಮೆಯಲ್ಲಿ ಉಳ್ಳಾರ್ತಿ, ಕುದಾಪುರ, ವರವು ಹೀಗೆ ಒಂದರ ಪಕ್ಕ ಒಂದು. ಕುರಿ, ದನ, ಮ್ಯಾಸನಾಯಕರ ದೇವರ ಎತ್ತು, ಕೃಷ್ಣಮೃಗ ಎಲ್ಲಕ್ಕೂ ಇದೇ ಬಯಲು. ಇಲ್ಲಿನ ಕುರಿಯ ಉಣ್ಣೆಯಿಂದ ಚಳ್ಳಕೆರೆ ಕಂಬಳಿ ಆಯಿತು, ಇಲ್ಲಿನ ಶೇಂಗಾದಿಂದ ಚಳ್ಳಕೆರೆಗೆ ಎಣ್ಣೆ ಊರೆಂಬ ಹೆಸರು ಬಂತು. ಈಗ ಕಾವಲಿನ ಬಹುಭಾಗಕ್ಕೆ ಗೋಡೆ ಎದ್ದಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆ ರಾಕೆಟ್ಟು ತಾನಾಗಿಯೇ ಬಂದು ಇಳಿದದ್ದು ಈ ನೆಲೆಯ ರನ್‌ವೇ ಮೇಲೆಯೇ.

ಅಕ್ಷರಕ್ಕೂ ಈ ಸೀಮೆ ಬಡವಲ್ಲ. ಬಳ್ಳಾರಿ ರಸ್ತೆಯ ತಳುಕು ಚಳ್ಳಕೆರೆ ತಾಲ್ಲೂಕಿನದೇ. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ ಗುರು ವೆಂಕಣ್ಣಯ್ಯನವರು ಆ ಊರಿನ ಮನೆತನದವರು. 'ನಾಗರಹಾವು', 'ಹಂಸಗೀತೆ', 'ದುರ್ಗಾಸ್ತಮಾನ' ಬರೆದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೂ ತಳುಕೇ. ನಮ್ಮ ಕಡೆ ಕಾದಂಬರಿಕಾರ ಎಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ಅವರೇ. ಕಾದಂಬರಿಗಾರ್ತಿ ಎಂದರೆ ಮಾತ್ರ ಮೈಸೂರು, ಮಲೆನಾಡು, ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಮರದಡಿಯ ನಮ್ಮ ಹೆಂಗಸರು ಕೇಳಿದ ಕಥೆಗಳೆಲ್ಲ ಅಲ್ಲಿಂದಲೇ ಬಂದವು. ಮೊಳಕಾಲ್ಮುರು ಕಡೆಯವರಾದರೆ ರಾಯದುರ್ಗದ ದಾರಿ ಹಿಡಿದು ಬಂದ ತೆಲುಗು ಕಾದಂಬರಿಗಳನ್ನೂ ಓದಿಕೊಂಡವರು; ಯದ್ದನಪೂಡಿ ಸುಲೋಚನಾರಾಣಿ ಅವರ ನಾಯಕನನ್ನೂ ತ್ರಿವೇಣಿ ಅವರ ನಾಯಕಿಯನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಅವರಿಬ್ಬರ ಬಗ್ಗೆ ಜಗಳ ಆಡುತ್ತಿದ್ದವರು.

1963: ಒಬ್ಬರು ನಿಲ್ಲಿಸಿದ ವರ್ಷ, ಒಬ್ಬರು ಶುರು ಮಾಡಿದ ವರ್ಷ

ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಹೆಸರು ಅನಸೂಯಾ. ಕವಿ ಬಿ.ಎಂ.ಶ್ರೀ ದೊಡ್ಡಪ್ಪ, ಲೇಖಕಿ ಆರ್ಯಾಂಬ ಪಟ್ಟಾಭಿ ತಂಗಿ. ಅಕ್ಷರ ಮನೆಯಲ್ಲೇ ಇತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದರು, ಇಂಗ್ಲಿಷ್ ಅಧ್ಯಾಪಕ ಎಸ್.ಎನ್. ಶಂಕರ್ ಅವರನ್ನು ಮದುವೆಯಾದರು. ಮೊದಲ ಕಾದಂಬರಿ 'ಅಪಸ್ವರ' 1953ರದು. ಮುಂದಿನ ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ, ಜೊತೆಗೆ ಸಣ್ಣಕಥೆ. 1963ರ ಜುಲೈನಲ್ಲಿ ಮಗಳು ಹುಟ್ಟಿದಳು. ಹೆರಿಗೆಯಾದ ಕೆಲವೇ ದಿನಕ್ಕೆ, ಜುಲೈ 29ರಂದು, ಮೂವತ್ತೈದು ತುಂಬುವ ಮೊದಲೇ ತ್ರಿವೇಣಿ ತೀರಿಹೋದರು. ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಮುಗಿಸಿದರು. ಆ ಕಾದಂಬರಿಯ ಹೆಸರನ್ನು ನೋಡಿದಾಗಲೆಲ್ಲ ನನಗೆ ಮುಂದಿನ ಮಾತು ಹೊರಡುವುದಿಲ್ಲ.

ಅದೇ 1963ರಲ್ಲಿ 'ತುಂಗಭದ್ರಾ' ಎಂಬ ಕಾದಂಬರಿ ಬಂತು. ಬರೆದ ಎಂ.ಕೆ. ಇಂದಿರಾ ಅವರಿಗೆ ಆಗಲೇ ನಲವತ್ತಾರು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟು, ಏಳು ವರ್ಷದ ಶಾಲೆ, ಹನ್ನೆರಡಕ್ಕೆ ಮದುವೆ. ಆಮೇಲೆ ಮೂರು ದಶಕ ಸಂಸಾರ. ಮಂಡ್ಯದಲ್ಲಿದ್ದಾಗ ಅವರಿಗೆ ತ್ರಿವೇಣಿ ಅವರ ಪರಿಚಯವಾಯಿತು. ವಯಸ್ಸಿನಲ್ಲಿ ಹನ್ನೊಂದು ವರ್ಷ ಕಿರಿಯರಾದ ತ್ರಿವೇಣಿ ಈ ಗೃಹಿಣಿಯನ್ನು ಬರೆಯಲು ಹುರಿದುಂಬಿಸಿದರು. ನಲವತ್ತೈದರಲ್ಲಿ ಪೆನ್ನು ಹಿಡಿದ ಇಂದಿರಾ ಆಮೇಲೆ ಐವತ್ತರಷ್ಟು ಕಾದಂಬರಿ ಬರೆದರು.

ಇಬ್ಬರನ್ನೂ ಎದುರುಬದುರು ಇಟ್ಟು ನೋಡಿ. ಒಬ್ಬರು ಮಗು ಮಡಿಲಿಗೆ ಬರುವ ಮೊದಲಿನ ಹತ್ತು ವರ್ಷದಲ್ಲಿ ಬರೆದು ಮುಗಿಸಿದರು. ಇನ್ನೊಬ್ಬರು ಮಕ್ಕಳು ಬೆಳೆದ ಮೇಲೆ ಶುರು ಮಾಡಿದರು. ಸೆರಗು ಹಿಡಿದು ಎಳೆಯುವ ಮಗು, ಒಲೆ ಮೇಲೆ ಹಾಲು, ಕೈಯಲ್ಲಿ ಪೆನ್ನು ಈ ಮೂರೂ ಒಟ್ಟಿಗಿರುವ ನಡುವಿನ ವರ್ಷಗಳು ಇಬ್ಬರ ಲೆಕ್ಕದಲ್ಲೂ ಖಾಲಿ. ಆ ಖಾಲಿ ಜಾಗದಲ್ಲೇ ಬರೆಯಲು ಹೊರಟವಳು ನಾನು. ಅವರಿಗೆ ಆಗದ್ದು ನಿನಗೆ ಹೇಗಾದೀತು ಎಂದು ಆಗ ಯಾರಾದರೂ ಹೇಳಿದ್ದರೆ ಬಹುಶಃ ಪೆನ್ನು ಕೆಳಗಿಡುತ್ತಿದ್ದೆ.

ಆ ನಡುವಿನ ವರ್ಷಗಳಲ್ಲೂ ಬರೆದವರಿದ್ದಾರೆ. ತೀರ್ಥಹಳ್ಳಿಯಲ್ಲೇ ಹುಟ್ಟಿದ ಅನುಪಮಾ ನಿರಂಜನ ವೈದ್ಯೆ. ರೋಗಿಗಳು, ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಪಾರ್ಶ್ವವಾಯು ಬಡಿದ ಗಂಡ ನಿರಂಜನ, ಕೊನೆಗೆ ಸ್ವತಃ ಅವರಿಗೇ ಕ್ಯಾನ್ಸರ್. ಇಷ್ಟರ ನಡುವೆ ಅವರ ಪುಸ್ತಕಗಳು ಬರುತ್ತಲೇ ಇದ್ದವು. 1976ರಲ್ಲಿ ಬಂದ ಇಂದಿರಾ ಅವರ 'ಫಣಿಯಮ್ಮ'ವನ್ನು ಮುಂದೆ ಇಂಗ್ಲಿಷಿಗೆ ತಂದವರು ಅನುಪಮಾ ಅವರ ಮಗಳು ತೇಜಸ್ವಿನಿ. ಬರೆಯುವ ತಾಯಿಯ ಮನೆಯಲ್ಲಿ ಮಕ್ಕಳು ಹಾಳಾಗುತ್ತಾರೆ ಎನ್ನುವವರಿಗೆ ನಾನು ಕೊಡುವ ಉತ್ತರ ಅದೊಂದೇ.

ಅಡುಗೆಮನೆಯ ಪ್ರೇಮ

ಈ ಲೇಖಕಿಯರ ಬರಹಕ್ಕೆ 'ಅಡುಗೆಮನೆ ಸಾಹಿತ್ಯ' ಎಂಬ ಅಡ್ಡಹೆಸರು ಬಿತ್ತು. ಅಂದವರು ಗೇಲಿಗೆ ಅಂದರು. ಅಡುಗೆಮನೆಯಲ್ಲಿ ಕೂತು ಪ್ರೀತಿಯನ್ನು ನೋಡಿದರೆ ಏನು ಕಾಣುತ್ತದೆ ಎಂದು ಅವರು ಓದಿದ್ದರೆ ತಿಳಿಯುತ್ತಿತ್ತು.

ತ್ರಿವೇಣಿ ಅವರ 'ಬೆಳ್ಳಿಮೋಡ'ದ ನಾಯಕಿ ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಆಸ್ತಿ ಬರುತ್ತದೆಂದು ಒಪ್ಪಿಕೊಂಡ ಹುಡುಗ, ಅವಳಿಗೆ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ. ಆಗ ಅವಳು ಒಲ್ಲೆ ಎನ್ನುತ್ತಾಳೆ. ನಮ್ಮ ಬೇವಿನ ಮರದಡಿ ಈ ಜಾಗ ಬಂದ ದಿನ ದೊಡ್ಡ ಜಗಳವೇ ಆಯಿತು. 'ಅಷ್ಟು ಮಾಡಿದೋಳು ಒಪ್ಕೋಬೋದಿತ್ತು' ಎಂದವರು ಅರ್ಧ. 'ಬಿದ್ದ ಮೇಲೆ ಬಂದೋನ್ನ ಯಾಕವ್ವ ಒಪ್ಕಬೇಕು' ಎಂದವರು ಅರ್ಧ. ಎರಡನೆಯ ಮಾತಾಡಿದ ಅಜ್ಜಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ.

ತ್ರಿವೇಣಿ ಅವರದೇ 'ಶರಪಂಜರ' ಇನ್ನೂ ಕಠಿಣ. ಬಾಣಂತನದಲ್ಲಿ ಬುದ್ಧಿಭ್ರಮಣೆಯಾದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರ ಅನುಮಾನದ ಕಣ್ಣು ಮಾತ್ರ ವಾಸಿಯಾಗಿರುವುದಿಲ್ಲ. ಅದೇ ಅವಳನ್ನು ಮತ್ತೆ ಕೆಡವುತ್ತದೆ. ಮನಶ್ಶಾಸ್ತ್ರ ಓದಿದ ಹೆಂಗಸು ಸಂಸಾರದೊಳಗಿಂದ ನೋಡಿ ಬರೆದ ಕಥೆ ಅದು. ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ'ಯಲ್ಲಿ ಸೂಳೆಗೇರಿಯ ಮನೆಯ ಹುಡುಗಿ ಬಯಸುವುದು ಎಲ್ಲರಿಗೂ ಸಿಗುವಂಥ ಒಂದು ಸಾದಾ ಮದುವೆಯನ್ನು. ಅಷ್ಟೂ ದೊರೆಯುವುದಿಲ್ಲ.

ಚಿತ್ರ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಈ ಕಾದಂಬರಿಗಳನ್ನು ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ. ತ್ರಿವೇಣಿ ಅವರ 'ಬೆಕ್ಕಿನ ಕಣ್ಣು' 1966ರಲ್ಲಿ ಮಲಯಾಳಂ ಚಿತ್ರವಾಯಿತು. 1967ರ 'ಬೆಳ್ಳಿಮೋಡ' ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಆಮೇಲೆ 'ಗೆಜ್ಜೆಪೂಜೆ', 1971ರಲ್ಲಿ 'ಶರಪಂಜರ', 1975ರಲ್ಲಿ ಇನ್ನೊಬ್ಬ ಕಾದಂಬರಿಗಾರ್ತಿ ವಾಣಿ ಅವರ 'ಶುಭಮಂಗಳ'. ವಾಣಿ ಅವರದೇ 'ಎರಡು ಕನಸು', 'ಹೊಸ ಬೆಳಕು' ರಾಜ್‌ಕುಮಾರ್ ಚಿತ್ರಗಳಾದವು. ಟೂರಿಂಗ್ ಟಾಕೀಸಿನಲ್ಲಿ ಕಣ್ಣೊರೆಸಿಕೊಂಡು ಬಂದ ಗಂಡಸರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ತಾವು ಅತ್ತದ್ದು ಅಡುಗೆಮನೆ ಸಾಹಿತ್ಯಕ್ಕೆ ಎಂದು.

ಪುಸ್ತಕ ಆಗುವ ದಾರಿ

ಬರೆದರೆ ಸಾಲದು, ಅಚ್ಚಾಗಬೇಕು. ಹೆಂಗಸರ ಮಟ್ಟಿಗೆ ಆ ದಾರಿ ಕಡಿದವರು ನಂಜನಗೂಡು ತಿರುಮಲಾಂಬಾ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರುಮಾಡಿ ತಮ್ಮ ಕಾದಂಬರಿ 'ಸುಶೀಲೆ'ಯನ್ನು ತಾವೇ ಪ್ರಕಟಿಸಿದರು.

ಮುಂದಿನ ತಲೆಮಾರಿಗೆ ಪತ್ರಿಕೆಗಳು ಬಂದವು. 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ', 1983ರಲ್ಲಿ 'ತರಂಗ'. ಸಂಸಾರಸ್ಥೆಗೆ ಧಾರಾವಾಹಿಗಿಂತ ಅನುಕೂಲದ ಸಾಲ ಮತ್ತೊಂದಿಲ್ಲ. ಇಡೀ ಕಾದಂಬರಿಯ ಭಾರ ಒಮ್ಮೆಗೇ ಹೊರಬೇಕಿಲ್ಲ, ವಾರದ ಕಂತು ಕಟ್ಟುತ್ತ ಹೋದರಾಯಿತು. ವಾರಕ್ಕೊಮ್ಮೆ ಸಂಪಾದಕರು ಕಾಯುತ್ತಾರೆ ಎನ್ನುವುದು ಮನೆಯಲ್ಲಿ ಹೇಳಿಕೊಳ್ಳಲು ಒಂದು ನೆಪ. ಸುಮ್ಮನೆ ಬರೆಯುತ್ತೇನೆ ಎಂದರೆ ಯಾರೂ ಕೇಳುವುದಿಲ್ಲ. ಬುಧವಾರಕ್ಕೆ ಕಳಿಸಬೇಕು ಎಂದರೆ ಅತ್ತೆಯೂ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಕಂತು ಮುಗಿದ ಮೇಲೆ ಪುಸ್ತಕ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಬೀದಿ ಬೀದಿಯ ಬಾಡಿಗೆ ಲೈಬ್ರರಿ. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ ಅವರ ಹೆಸರು ನಮ್ಮ ಸೀಮೆಯ ಹಳ್ಳಿಗಳಿಗೂ ತಲುಪಿದ್ದು ಈ ದಾರಿಯಲ್ಲೇ. ರಾಧಾದೇವಿ ಅವರ ಕಾದಂಬರಿಯೊಂದು 1986ರಲ್ಲಿ 'ಅನುರಾಗ ಅರಳಿತು' ಚಿತ್ರವಾದಾಗ, ಕಥೆ ಮೊದಲೇ ಗೊತ್ತು ಎಂದು ಜಂಬ ಕೊಚ್ಚಿದ ಹೆಂಗಸರು ನಮ್ಮೂರಲ್ಲಿ ಬೇಕಾದಷ್ಟಿದ್ದರು.

ಈಗ ಬಾಡಿಗೆ ಲೈಬ್ರರಿಯ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ. ಆ ಮೊಬೈಲಿನಲ್ಲೇ ಪ್ರತಿಲಿಪಿಯಂಥ ಕಡೆ ಹೆಂಗಸರು ಕಂತುಕಂತಾಗಿ ಪ್ರೇಮಕಥೆ ಬರೆಯುತ್ತಿದ್ದಾರೆ. ಕುಕ್ಕರ್ ಮೂರು ಕೂಗು ಹಾಕುವುದರೊಳಗೆ ಒಂದು ಪ್ಯಾರಾ. ದಾರಿ ಬದಲಾಗಿದೆ, ನಡೆಯುವವರ ಅವಸರ ಬದಲಾಗಿಲ್ಲ.

ಹೊತ್ತಿನ ಲೆಕ್ಕ

ನನ್ನ ಹೊತ್ತು ಬೆಳಗಿನ ನಾಲ್ಕೂವರೆಯಿಂದ ಆರು. ನಲ್ಲಿಯಲ್ಲಿ ನೀರು ಬಿಡುವ ದಿನ ಅದೂ ಇಲ್ಲ. ಚಳ್ಳಕೆರೆಯಲ್ಲಿ ನೀರು ಬಂದಿತೆಂದರೆ ನಾಯಕ ನಾಯಕಿ ಇಬ್ಬರನ್ನೂ ಮಳೆಯಲ್ಲಿ ನಿಲ್ಲಿಸಿ ಬಿಂದಿಗೆ ಹಿಡಿದು ಓಡಬೇಕು. ಒಮ್ಮೆ ನಾಯಕಿಯ ಅಳು ಬರೆಯುತ್ತಿದ್ದಾಗ ಹಾಲು ಉಕ್ಕಿ ಒಲೆ ಆರಿತು; ವಾಸನೆ ಹಿಡಿದು ಎದ್ದು ಬಂದ ಮನೆಯವರು 'ಯಾರ ಸಂಸಾರ ಉದ್ಧಾರ ಮಾಡ್ತಿದ್ದೀ?' ಎಂದರು. ಅವರ ತಪ್ಪಲ್ಲ, ಆ ದಿನ ಮಕ್ಕಳಿಗೆ ಹಾಲಿರಲಿಲ್ಲ. ಮೊದಲ ಹಸ್ತಪ್ರತಿಯನ್ನು ಒಂದು ವಾರಪತ್ರಿಕೆಗೆ ಕಳಿಸಿದೆ. ಎಂಟು ತಿಂಗಳ ಮೇಲೆ ವಾಪಸು ಬಂತು. ಹದಿನೇಳನೆಯ ಪುಟದಿಂದಾಚೆ ಬಿಡಿಸಿ ನೋಡಿದ ಗುರುತೇ ಇರಲಿಲ್ಲ. ಎರಡನೆಯದು ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಅದು ಅಚ್ಚಾಯಿತು.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಗೆಳತಿಯೊಬ್ಬಳಿದ್ದಾಳೆ. ಅವಳೂ ಮಗು ಅತ್ತರೆ ಗುಂಡಿಮಗ್ಗದಿಂದ ಎದ್ದು ಹೋಗುತ್ತಾಳೆ. ಮರಳಿ ಬಂದಾಗ ಹಾಸೂ ಇರುತ್ತದೆ, ಹೊಕ್ಕೂ ಇರುತ್ತದೆ, ಬಿಟ್ಟ ಎಳೆಯಿಂದ ಮುಂದುವರಿಸುತ್ತಾಳೆ. ಅರ್ಧಕ್ಕೆ ಬಿಟ್ಟು ಹೋದ ವಾಕ್ಯ ಹಾಗೆ ಕಾಯುವುದಿಲ್ಲ. ಮರಳಿ ಬಂದು ಕೂತರೆ ಅದರ ದನಿಯೇ ಮರೆತಿರುತ್ತದೆ. ಹತ್ತು ನಿಮಿಷದ ಅಡ್ಡಿಗೆ ಅರ್ಧ ಗಂಟೆ ದಂಡ.

ಒಂದು ಲೆಕ್ಕ ಮಾಡಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವವರಲ್ಲಿ, ಹೆಣ್ಣು ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡು 88 ನಿಮಿಷ. ಮಕ್ಕಳು, ಮುದುಕರ ಆರೈಕೆಯ ಲೆಕ್ಕ ಬೇರೆ. ವ್ಯತ್ಯಾಸ ದಿನಕ್ಕೆ 201 ನಿಮಿಷ. ನನ್ನ ಕೈವೇಗದಲ್ಲಿ ಗಂಟೆಗೆ ಮುನ್ನೂರು ಪದ. ಅರವತ್ತು ಸಾವಿರ ಪದದ ಕಾದಂಬರಿಗೆ ಇನ್ನೂರು ಗಂಟೆ. ದಿನಕ್ಕೆ 201 ನಿಮಿಷದಂತೆ ಅರವತ್ತು ದಿನಕ್ಕೆ 201 ಗಂಟೆ. ಅಂದರೆ ಎರಡು ತಿಂಗಳಿಗೊಂದು ಕಾದಂಬರಿ ನಮ್ಮ ಮನೆಗಳಲ್ಲಿ ಪಾತ್ರೆಯ ಜೊತೆ ತೊಳೆದು ಹೋಗುತ್ತಿದೆ. ಈ ವ್ಯತ್ಯಾಸದ ಅರ್ಧದಷ್ಟು ಕೆಲಸ ಹಂಚಿಕೊಂಡರೂ ನಾಲ್ಕು ತಿಂಗಳಿಗೊಂದು ಉಳಿಯುತ್ತದೆ.

ಅಮೆರಿಕದ ನೋರಾ ರಾಬರ್ಟ್ಸ್ ಎಂಬಾಕೆ 1979ರಲ್ಲಿ ಹಿಮ ಸುರಿದು ಹೊರಗೆ ಹೋಗಲಾಗದೆ, ಇಬ್ಬರು ಪುಟ್ಟ ಗಂಡುಮಕ್ಕಳ ಜೊತೆ ಮನೆಯಲ್ಲಿ ಸಿಕ್ಕಿಕೊಂಡಾಗ ಬರೆಯಲು ಶುರುಮಾಡಿದಳಂತೆ. 1981ರಲ್ಲಿ ಮೊದಲ ಪ್ರೇಮ ಕಾದಂಬರಿ ಬಂತು, ಆಮೇಲೆ ಇನ್ನೂರಕ್ಕೂ ಹೆಚ್ಚು. ಆಕೆಗೆ ಹಿಮ ಬಿಡುವು ಕೊಟ್ಟಿತು. ನಮ್ಮ ಬಯಲುಸೀಮೆಯಲ್ಲಿ ಆಕಾಶದಿಂದ ಮಳೆಯೇ ಸರಿಯಾಗಿ ಬೀಳುವುದಿಲ್ಲ, ಬಿಡುವು ಎಲ್ಲಿಂದ ಬೀಳಬೇಕು? ಇಲ್ಲಿ ಅದನ್ನು ಮನುಷ್ಯರೇ ಕೊಡಬೇಕು.

ಬರೆಯುವ ಹೆಣ್ಣಿಗೆ ಮನೆಯವರು ಧಾರಾಳವಾಗಿ ಕೊಡುವುದು ಮೆಚ್ಚುಗೆ. ಪುಸ್ತಕ ಬಂದ ದಿನ ಶಾಲು, ಹಾರ, ಫೋಟೋ. ಅವಳಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಹೊತ್ತು. ಪ್ರತಿಭೆ ಇದ್ದರೆ ಹೇಗಾದರೂ ಬರೆದಾಳು ಎನ್ನುವುದು ಅನುಕೂಲಸ್ಥರ ಮಾತು. ಹೇಗಾದರೂ ಬರೆಯಲಾಗದೆ ಹೋದವರ ಹೆಸರು ನಮಗೆ ಗೊತ್ತಾಗುವುದಾದರೂ ಹೇಗೆ?

ನಿಮ್ಮ ಮನೆಯಲ್ಲೂ ಅಕ್ಕಿ ಡಬ್ಬಿಯ ಹಿಂದೆ, ಹಾಸಿಗೆಯ ಮಡಿಕೆಯಲ್ಲಿ ಒಂದು ನೋಟ್‌ಬುಕ್ ಇರಬಹುದು. ಅದನ್ನು ತೆಗೆದು ಓದಬೇಡಿ, ಚೆನ್ನಾಗಿದೆ ಅನ್ನಲೂ ಬೇಡಿ. ನಾಳೆ ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಮಕ್ಕಳ ಡಬ್ಬಿ ಕಟ್ಟಿ, ನೀರು ಬಂದರೆ ಹಿಡಿದಿಡಿ. ನಾಡಿದ್ದೂ ಅಷ್ಟೇ ಮಾಡಿ.

ಹೊಟ್ಟೆಪಾಡಿಗೆ ಸೇರಿನ ಲೆಕ್ಕದಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಇದು ಗೊತ್ತಿತ್ತು. ಹಾಗೆ ಒಂದು ಬೇಸಿಗೆಯಲ್ಲಿ ಚಿಕ್ಕಮ್ಮ ಎರಡು ಕಾದಂಬರಿ ಓದಿ ಮುಗಿಸಿದಳು. ಯಜಮಾನನ ಚೀಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಸೇರೂ ಕಡಿಮೆ ಬೀಳಲಿಲ್ಲ.